ಕಬ್ಬನ್ ‘ಲಾರ್ಡ್’ ಅಲ್ಲ, ಎತ್ತು-ದವಸದ ಲೆಕ್ಕ ಬರೀತಿದ್ದ ಆಫೀಸರ್

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, ಸ್ಕೂಲಲ್ಲಿ ‘ಕಬ್ಬನ್ ಪಾರ್ಕ್ ಕಟ್ಟಿಸಿದ ಲಾರ್ಡ್ ಕಬ್ಬನ್’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಇವರು ಮಿಲಿಟರಿಯವರು ಅಂತ ಒಂದು ಕಡೆ ಓದಿದೆ, ಇಡೀ ಮೈಸೂರು ರಾಜ್ಯ ಆಳಿದ್ರು ಅಂತ ಇನ್ನೊಂದು ಕಡೆ ಇದೆ. ಸೈನ್ಯದವರು ರಾಜ್ಯ ಆಳಿದ್ದು ಹೇಗೆ? ಲಾರ್ಡ್ ಅಂದ್ರೆ ನಮ್ಮ ಜಮೀನ್ದಾರರ ಥರ ವಂಶದಿಂದ ಬರೋದಾ? ಟಿಪ್ಪು ಜೊತೆ ಯುದ್ಧ ಮಾಡಿದ್ರಾ? ಆ ಕಾಲದಲ್ಲಿ ಇಂಥ ಆಫೀಸರ್ ಜೀವನ ಹೇಗಿರ್ತಿತ್ತು ಅಂತ ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ಮೊದಲು ಆ ಪ್ರಾಜೆಕ್ಟಿನ ಹೆಡ್ಡಿಂಗನ್ನೇ ಸರಿ ಮಾಡೋಣ, ಯಾಕಂದ್ರೆ ಅದರಲ್ಲೇ ಎರಡು ತಪ್ಪಿದೆ. ಕಬ್ಬನ್ ಲಾರ್ಡ್ ಆಗಿರಲಿಲ್ಲ, ಮತ್ತೆ ಕಬ್ಬನ್ ಪಾರ್ಕ್ ಅವರು ಕಟ್ಟಿಸಿದ್ದಲ್ಲ. ಪಾರ್ಕ್ ಆಗಿದ್ದು 1870ರಲ್ಲಿ, ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರ್ ಕೈಯಲ್ಲಿ (ಸದಾಶಿವನಗರದ ಹತ್ರ ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ), ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅಂತ ಹೆಸರಿತ್ತು, ಆಮೇಲೆ ಕಬ್ಬನ್ ಪಾರ್ಕ್ ಆಯ್ತು, 1927ರಲ್ಲಿ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತಾನೂ ಆಯ್ತು, ಆದರೆ ಆಟೋದವರಿಗೆ ಹಾಗಂದ್ರೆ ಯಾರಿಗೂ ಗೊತ್ತಾಗಲ್ಲ. ಕಬ್ಬನ್ ಸತ್ತಿದ್ದು 1861ರಲ್ಲಿ. ಅಂದ್ರೆ ಆ ಪಾರ್ಕಲ್ಲಿ ಆ ಮನುಷ್ಯ ಒಂದು ದಿನಾನೂ ವಾಕಿಂಗ್ ಮಾಡಿಲ್ಲ.

ಹಾಗೇ ಇನ್ನೊಂದು ಹೇಳಿಬಿಡ್ತೀನಿ, ಸೇಂಟ್ ಮಾರ್ಕ್ಸ್ ರೋಡ್ ಈ ಮಾರ್ಕ್ ಕಬ್ಬನ್ ಹೆಸರಿಂದ ಬಂತು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ಅದು ಬೈಬಲ್ಲಿನ ಸಂತ ಮಾರ್ಕ್, ಆ ಚರ್ಚು ಕಬ್ಬನ್ ಬೆಂಗಳೂರಿಗೆ ಅಧಿಕಾರಿಯಾಗಿ ಬರೋಕೆ ಎಷ್ಟೋ ಮುಂಚೆ ದಂಡು ಪ್ರದೇಶದ ಸೈನಿಕರಿಗೆ ಅಂತ ಕಟ್ಟಿದ್ದು. ಕಬ್ಬನ್ ಪೇಟೆ, ಕಬ್ಬನ್ ರೋಡ್ ಮಾತ್ರ ಇವರ ಹೆಸರೇ.

ಇನ್ನು ಬಿರುದಿನ ವಿಷ್ಯ. ಇದು ನಮ್ಮವರಿಗೆ ಯಾವಾಗಲೂ ಗೊಂದಲ, ಬಿಳಿಯರೆಲ್ಲ ಲಾರ್ಡುಗಳೇ ಅನ್ನೋ ಹಾಗೆ ಬರೀತೀವಿ. ಬ್ರಿಟಿಷರಲ್ಲಿ ವಂಶದಿಂದ ಬರೋ ಬಿರುದು ಬೇರೆ, ನೌಕರಿಗೆ ಮೆಚ್ಚಿ ಕೊಡೋ ಬಿರುದು ಬೇರೆ. ಡ್ಯೂಕ್, ಮಾರ್ಕ್ವೆಸ್, ಅರ್ಲ್, ಬ್ಯಾರನ್ ಇವೆಲ್ಲ ವಂಶದ್ದು, ಅಪ್ಪನಿಂದ ದೊಡ್ಡ ಮಗನಿಗೆ ಹೋಗುತ್ತೆ. ಬ್ಯಾರೊನೆಟ್ ಅಂತ ಒಂದಿದೆ, ಅವರಿಗೆ ಸರ್ ಅಂತಾರೆ, ಅದೂ ವಂಶದಲ್ಲೇ ಇಳಿಯುತ್ತೆ, ಮದ್ರಾಸ್ ಗವರ್ನರ್ ಆಗಿದ್ದ ಥಾಮಸ್ ಮನ್ರೋಗೆ 1825ರಲ್ಲಿ ಸಿಕ್ಕಿದ್ದು ಅದು. ಇನ್ನು ನೈಟ್ ಅಂದ್ರೆ ಆ ಮನುಷ್ಯನ ಜೊತೆಗೇ ಮುಗೀತು, ಮಗನಿಗೆ ಹೋಗಲ್ಲ. ಕಬ್ಬನ್‌ಗೆ 1856ರಲ್ಲಿ ಸಿಕ್ಕಿದ್ದು ಇದು, ಆರ್ಡರ್ ಆಫ್ ದಿ ಬಾತ್ ಅನ್ನೋ ಪದವಿಯಲ್ಲಿ ಕೆಸಿಬಿ, ಅಂದ್ರೆ ಮೂರು ದರ್ಜೇಲಿ ನಡುವಿಂದು. ಮಗನಿಗೆ ಹೋಗೋ ಪ್ರಶ್ನೆನೂ ಇರಲಿಲ್ಲ ಬಿಡಿ, ಅವರು ಮದುವೇನೇ ಆಗಿರಲಿಲ್ಲ. ಕರೆಯೋದು ಹೇಗೆ ಅಂದ್ರೆ ‘ಸರ್ ಮಾರ್ಕ್’, ಇಲ್ಲಾಂದ್ರೆ ಪೂರ್ತಿ ‘ಸರ್ ಮಾರ್ಕ್ ಕಬ್ಬನ್’. ‘ಸರ್ ಕಬ್ಬನ್’ ಅಂತ ಹೇಳಿದ್ರೂ ತಪ್ಪೇ, ಸರ್ ಯಾವಾಗಲೂ ಇಟ್ಟ ಹೆಸರಿಗೆ ಅಂಟೋದು. ಹೋಲಿಕೆಗೆ ನೋಡಿ, ಇದೇ ಕಥೇಲಿ ಬರೋ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಡ್ಯೂಕ್ ಒಬ್ಬರ ಎರಡನೇ ಮಗ, ಆ ಲಾರ್ಡ್ ಅನ್ನೋದು ಡ್ಯೂಕ್ ಮಗ ಅನ್ನೋ ಮರ್ಯಾದೆಗೆ ಬಂದಿದ್ದು, ಅದಕ್ಕೇ ಲಾರ್ಡ್ ಬೆಂಟಿಂಕ್ ಅಲ್ಲ, ಲಾರ್ಡ್ ವಿಲಿಯಂ.

ಕಬ್ಬನ್ ಮನೆತನ ಅಂಥ ದೊಡ್ಡದಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವೆ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ಒಂದು ಪುಟ್ಟ ದ್ವೀಪ ಇದೆ, ಅಲ್ಲಿ ಮಾಗೋಲ್ಡ್ ಅನ್ನೋ ಊರಿನ ಪಾದ್ರಿ ಮಗ. ಆದರೆ ಸೋದರಮಾವ ಮಾರ್ಕ್ ವಿಲ್ಕ್ಸ್ ಮದ್ರಾಸ್ ಸೈನ್ಯದಲ್ಲಿ ಅಧಿಕಾರಿ. ಈ ವಿಲ್ಕ್ಸ್ ಆಮೇಲೆ ಮೈಸೂರಲ್ಲಿ ರೆಸಿಡೆಂಟ್ (ರಾಜರ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ) ಆದ್ರು, ಮೈಸೂರಿನ ಇತಿಹಾಸಾನೂ ಬರೆದ್ರು, ಅದಕ್ಕಿಂತ ಮಜಾ ಏನಂದ್ರೆ 1815ರಲ್ಲಿ ಸೋತ ನೆಪೋಲಿಯನ್‌ನ ಸೇಂಟ್ ಹೆಲೆನಾ ದ್ವೀಪಕ್ಕೆ ಕರ್ಕೊಂಡು ಬಂದಾಗ ಅಲ್ಲಿ ಗವರ್ನರ್ ಆಗಿದ್ದವರು ಇದೇ ಮೈಸೂರು ವಿಲ್ಕ್ಸ್. ಕಂಪನಿ ಸೈನ್ಯಕ್ಕೆ ಸೇರಬೇಕು ಅಂದ್ರೆ ಆಗ ಪರೀಕ್ಷೆ ಗಿರೀಕ್ಷೆ ಇಲ್ಲ, ಲಂಡನ್ನಿನ ಡೈರೆಕ್ಟರ್ ಒಬ್ಬರು ಹೆಸರು ಹೇಳಬೇಕು, ಅಷ್ಟೇ. ಕಬ್ಬನ್ 1800ರಲ್ಲಿ ಕೆಡೆಟ್ ಆಗಿ ಮದ್ರಾಸ್ ಕಾಲ್ದಳಕ್ಕೆ ಬಂದ್ರು. ಶ್ರೀರಂಗಪಟ್ಟಣ ಬಿದ್ದಿದ್ದು 1799ರ ಮೇ 4ಕ್ಕೆ. ಹಾಗಾಗಿ ಟಿಪ್ಪು ಜೊತೆ ಯುದ್ಧ ಮಾಡಿದ್ರಾ ಅನ್ನೋ ಪ್ರಶ್ನೆಗೆ ಉತ್ತರ ಸುಲಭ: ಇಲ್ಲ, ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಬ್ರಿಟಿಷ್ ಸೈನ್ಯ ಅಂತ ಒಂದೇ ಮಾತಲ್ಲಿ ಹೇಳ್ತೀವಿ, ಆದರೆ ಇಲ್ಲಿದ್ದಿದ್ದು ಎರಡು. ಒಂದು ರಾಜನ ಸೈನ್ಯ, ಅದರಲ್ಲಿ ಹುದ್ದೆಗಳನ್ನ ದುಡ್ಡು ಕೊಟ್ಟು ಕೊಳ್ಳಬಹುದಿತ್ತು, ಸೈಟ್ ಕೊಂಡ ಹಾಗೆ ಕ್ಯಾಪ್ಟನ್ ಹುದ್ದೆ ಕೊಳ್ಳೋದು, 1871ರ ತನಕ ನಡೀತು ಅದು. ಇನ್ನೊಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು, ಸಿಪಾಯಿಗಳು ನಮ್ಮವರು, ಅಧಿಕಾರಿಗಳು ಬಿಳಿಯರು, ಪ್ರಮೋಷನ್ ಬರೀ ಸೀನಿಯಾರಿಟಿ ಮೇಲೆ. ಮೇಲಿನವನು ಸಾಯಬೇಕು ಇಲ್ಲಾ ರಿಟೈರ್ ಆಗಬೇಕು, ಆಗ ಕೆಳಗಿನವನಿಗೆ ಬಡ್ತಿ. ದುಡ್ಡಿರೋ ಮನೆ ಮಕ್ಕಳು ರಾಜನ ಸೈನ್ಯಕ್ಕೆ, ಪಾದ್ರಿ ಮಕ್ಕಳು, ಸಣ್ಣ ವ್ಯಾಪಾರಿಗಳ ಮಕ್ಕಳು ಕಂಪನಿ ಸೈನ್ಯಕ್ಕೆ ಅನ್ನೋ ಹಾಗಿತ್ತು ಹೆಚ್ಚುಕಮ್ಮಿ. ಈ ಕಂಪನಿ ಆಫೀಸರುಗಳಿಗೆ ಬರೀ ಪಲ್ಟನ್‌ನಲ್ಲಿ ಕೂತ್ರೆ ಮೂವತ್ತು ವರ್ಷ ಆದ್ರೂ ಏನೂ ಆಗಲ್ಲ ಅಂತ ಗೊತ್ತಿತ್ತು, ಅದಕ್ಕೇ ಜಾಣರೆಲ್ಲ ಸರ್ವೆ, ರೆಸಿಡೆನ್ಸಿ, ಕಮಿಸರಿಯಟ್ ಅಂತ ಬೇರೆ ಕೆಲಸ ಹುಡುಕ್ಕೊಂಡು ಹೋಗ್ತಿದ್ರು.

ಕಬ್ಬನ್ ಹೋಗಿದ್ದು ಕಮಿಸರಿಯಟ್‌ಗೆ. ನನ್ನ ಪ್ರಕಾರ ಈ ಮನುಷ್ಯನ್ನ ಅರ್ಥ ಮಾಡ್ಕೋಬೇಕು ಅಂದ್ರೆ ಇದೇ ಬೀಗದ ಕೈ, ಆದರೆ ಯಾರೂ ಇದರ ಬಗ್ಗೆ ಮಾತಾಡಲ್ಲ, ಕತ್ತಿ ಇಲ್ಲ ಕುದುರೆ ಓಟ ಇಲ್ಲ, ಕೇಳೋಕೆ ಮಜಾ ಇಲ್ಲ ನೋಡಿ. ಕಮಿಸರಿಯಟ್ ಅಂದ್ರೆ ಸೈನ್ಯದ ಉಗ್ರಾಣ ಅನ್ಕೊಳ್ಳಿ. ಹತ್ತು ಸಾವಿರ ಜನ ನಡೀತಾರೆ ಅಂದ್ರೆ ಅವರ ಹಿಂದೆ ಅಕ್ಕಿ, ಹುರುಳಿ, ಹುಲ್ಲು, ಸಾರಾಯಿ, ಡೇರೆ, ಗುಂಡು ಎಲ್ಲಾ ಹೋಗಬೇಕು, ಅದನ್ನ ಎಳೆಯೋಕೆ ಎತ್ತು ಬೇಕು, ಎತ್ತಿಗೆ ಮೇವು ಬೇಕು, ದಾರಿ ಬೇಕು, ಹೊಳೆ ದಾಟೋಕೆ ಸೇತುವೆ ಬೇಕು, ಯಾವ ಸಂತೇಲಿ ಯಾವ ತಿಂಗಳು ಧಾನ್ಯ ಅಗ್ಗ ಅಂತ ಗೊತ್ತಿರಬೇಕು, ಬಂಜಾರರ ಹತ್ರ ಚೌಕಾಸಿ ಮಾಡಬೇಕು, ಗುತ್ತಿಗೆದಾರ ಎಲ್ಲಿ ಕದೀತಾನೆ ಅನ್ನೋದೂ ಗೊತ್ತಿರಬೇಕು. ಮೈಸೂರಿನ ಅಮೃತಮಹಲ್ ಎತ್ತುಗಳು ಇದಕ್ಕೇ ಹೆಸರಾಗಿದ್ವು, ಹೈದರ್-ಟಿಪ್ಪು ಕಾಲದಲ್ಲಿ ತೋಪು ಎಳೀತಿದ್ದ ತಳಿ, ಆಮೇಲೆ ಕಂಪನಿ ಆ ಹಿಂಡುಗಳನ್ನ ತನ್ನ ಕೈಗೆ ತಗೊಂಡು ಹುಣಸೂರನ್ನ ಕೇಂದ್ರ ಮಾಡ್ಕೊಂಡಿತ್ತು. (ಆ ಹಿಂಡುಗಳನ್ನ 1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸ್ತೀವಿ ಅಂತ ಮಾರಿಬಿಡ್ತು, ಆಮೇಲೆ ತಪ್ಪಾಯ್ತು ಅಂತ ಗೊತ್ತಾಗಿ 1866ರಲ್ಲಿ ಮತ್ತೆ ಶುರು ಮಾಡಿದ್ರು. ಖರ್ಚು ಉಳಿಸೋ ಬುದ್ಧಿವಂತಿಕೆ ಆಗಲೂ ಹೀಗೇ ಇತ್ತು.) ಕಬ್ಬನ್ ಈ ಇಲಾಖೇಲಿ ಮೇಲೆ ಮೇಲೆ ಹೋಗಿ ಮದ್ರಾಸಿನ ಕಮಿಸರಿ ಜನರಲ್ ಆದ್ರು, ಅಂದ್ರೆ ಇಡೀ ಮದ್ರಾಸ್ ಸೈನ್ಯದ ಹೊಟ್ಟೆ ನೋಡ್ಕೊಳ್ಳೋ ಜವಾಬ್ದಾರಿ.

ಈಗ ಸೈನ್ಯದವರು ರಾಜ್ಯ ಆಳಿದ್ದು ಹೇಗೆ ಅಂತ. ಟಿಪ್ಪು ಸತ್ತ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಮಗುವಾಗಿದ್ದಾಗಲೇ ಪಟ್ಟಕ್ಕೆ ಕೂರಿಸಿದ್ರಲ್ಲ, ಆಗ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ರೂಪಾಯಿ ಲೆಕ್ಕದಲ್ಲಿ ಸುಮಾರು 24.5 ಲಕ್ಷ, ಕಪ್ಪ ಕೊಡಬೇಕು ಅಂತ ಒಪ್ಪಂದ ಆಗಿತ್ತು. ರಾಜ್ಯದ ಆದಾಯದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗೋದು. ಮಹಾರಾಜರ ಕೈ ಸ್ವಲ್ಪ ಧಾರಾಳ, ದಾನ ದತ್ತಿ ಜಾಸ್ತಿ, ಖಜಾನೆ ಖಾಲಿಯಾಗ್ತಾ ಬಂತು. ಕಂದಾಯ ವಸೂಲಿಗೆ ಶರ್ತು ಅನ್ನೋ ಪದ್ಧತಿ ಇತ್ತು, ಅಮಲ್ದಾರ, ಅಂದ್ರೆ ತಾಲ್ಲೂಕಿನ ಅಧಿಕಾರಿ, ಇಷ್ಟು ಕೊಡ್ತೀನಿ ಅಂತ ಬರೆದುಕೊಡೋದು, ಆಮೇಲೆ ರೈತನ ಕತ್ತು ಹಿಡಿದು ಎಷ್ಟಾದ್ರೂ ಕಿತ್ತುಕೊಳ್ಳೋದು. 1830ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆ ಎದ್ರು, ಅಂದ್ರೆ ಈಗಿನ ಶಿವಮೊಗ್ಗ ಕಡೆಯವರು, ಬೂದಿ ಬಸವಪ್ಪ ಅನ್ನೋನು ನಾನೇ ಹಳೇ ಕೆಳದಿ ನಗರದ ಅರಸು ಮನೆತನದವನು ಅಂತ ನಿಂತ. ಕಂಪನಿ ಸೈನ್ಯ ಬಂದು ದಂಗೆ ಅಡಗಿಸಿದ ಮೇಲೆ 1831ರಲ್ಲಿ ಬೆಂಟಿಂಕ್ ಆಡಳಿತಾನ ಮಹಾರಾಜರ ಕೈಯಿಂದ ಕಿತ್ಕೊಂಡ್ರು. ದಂಗೆ ಯಾಕಾಯ್ತು ಅಂತ ವಿಚಾರಿಸೋಕೆ ನಾಲ್ಕು ಜನರ ಸಮಿತಿ ಮಾಡಿದ್ರು, ಹಾಕರ್, ಮಾರಿಸನ್, ಮೆಕ್ಲಿಯಡ್, ನಾಲ್ಕನೆಯವರು ಲೆಫ್ಟಿನೆಂಟ್ ಕರ್ನಲ್ ಕಬ್ಬನ್. 1833ರ ಕೊನೇಲಿ ವರದಿ ಕೊಟ್ರು. ವರದಿ ಓದಿ, 1834ರಲ್ಲಿ ಮಹಾರಾಜರನ್ನ ಖುದ್ದು ನೋಡಿದ ಮೇಲೆ ಬೆಂಟಿಂಕ್‌ಗೇ ಅನ್ನಿಸಿತ್ತು, ನಾನು ಸ್ವಲ್ಪ ಆತುರ ಪಟ್ಟೆ ಅಂತ. ಆದರೆ ಕಿತ್ಕೊಂಡಿದ್ದು ವಾಪಸ್ ಬರೋಕೆ 1881 ಆಯ್ತು. ಕಬ್ಬನ್ 1834ರಲ್ಲಿ ಕಮಿಷನರ್, ಅಂದ್ರೆ ಕಂಪನಿ ಪರವಾಗಿ ಇಡೀ ರಾಜ್ಯದ ಆಡಳಿತ ನಡೆಸೋ ಅಧಿಕಾರಿ, ಆದ್ರು, 1861ರ ತನಕ ಅದೇ ಕುರ್ಚಿ. 27 ವರ್ಷ. ಈಗಿನ ಮುಖ್ಯಮಂತ್ರಿಗಳನ್ನ ನೆನಪಿಸ್ಕೊಳ್ಳಿ!

ಇವರ ಆಫೀಸ್ ಇದ್ದಿದ್ದು ಮೈಸೂರಲ್ಲಿ ಅಲ್ಲ, ಬೆಂಗಳೂರು ಕೋಟೆ ಒಳಗೆ ಟಿಪ್ಪು ಅರಮನೇಲಿ. ಮರದ ಕಂಬದ ಆ ಅರಮನೆ ನೋಡಿರ್ತೀರಿ, ಕೆ.ಆರ್. ಮಾರ್ಕೆಟ್ ಪಕ್ಕ, ಟಿಕೆಟ್ ತಗೊಂಡು ಒಳಗೆ ಹೋದ್ರೆ ಬೇಸಿಗೆ ಅರಮನೆ ಅಂತಷ್ಟೇ ಬೋರ್ಡು ಓದ್ತೀವಿ, 1831ರಿಂದ 1868ರ ತನಕ ಇಡೀ ರಾಜ್ಯದ ಸೆಕ್ರೆಟೇರಿಯೆಟ್ ಅಲ್ಲೇ ಇತ್ತು ಅನ್ನೋದು ಹೊಳೆಯೋದೇ ಇಲ್ಲ. ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಕಟ್ಟಿದ ಮೇಲೆ ಅಲ್ಲಿಗೆ ಹೋಯ್ತು. ರಾಜಧಾನಿ ಅನ್ನೋ ಪಟ್ಟ ಬೆಂಗಳೂರಿಗೆ ಬಂದಿದ್ದರ ಬೇರು ಇಲ್ಲಿದೆ.

ಕುರ್ಚಿ ಮೇಲೆ ಕೂತು ಕಬ್ಬನ್ ಮಾಡಿದ್ದು ನೋಡಿದ್ರೆ ಆ ಕಮಿಸರಿಯಟ್ ಆಫೀಸರೇ ಕಾಣ್ತಾರೆ. ಮೊದಲು ರಾಜ್ಯಾನ ನಾಲ್ಕು ಭಾಗ ಮಾಡಿದ್ರು, ಬೆಂಗಳೂರು, ನಗರ, ಚಿತ್ರದುರ್ಗ, ಅಷ್ಟಗ್ರಾಮ, ಒಂದೊಂದಕ್ಕೂ ಒಬ್ಬ ಬಿಳಿ ಸೂಪರಿಂಟೆಂಡೆಂಟ್, ಅವರೂ ಹೆಚ್ಚಿನವರು ಮದ್ರಾಸ್ ಸೈನ್ಯದಿಂದ ಬಂದವರೇ. ಆದರೆ ಕೆಳಗೆ ತಾಲ್ಲೂಕಿನ ಅಮಲ್ದಾರ, ಹೋಬಳಿ ಶೇಖದಾರ, ಶಾನುಭೋಗ, ಪಟೇಲ ಇದ್ಯಾವುದನ್ನೂ ಮುಟ್ಟಲಿಲ್ಲ, ಇದ್ದವರನ್ನೇ ಇಟ್ಕೊಂಡು ಅವರ ಲೆಕ್ಕ ನೋಡೋಕೆ ಶುರು ಮಾಡಿದ್ರು. ಶರ್ತು ಪದ್ಧತಿ ಹೋಯ್ತು. ಕಂತುಗಳನ್ನ ರೈತ ಬೆಳೆ ಮಾರಿದ ಮೇಲೆ ಕೊಡೋ ಹಾಗೆ ಹೊಂದಿಸಿದ್ರು. ಕೇಳೋಕೆ ಸಣ್ಣದು, ಆದರೆ ಬೆಳೆ ಹೊಲದಲ್ಲಿರೋವಾಗಲೇ ಕಂದಾಯ ಕೇಳಿದ್ರೆ ಸಾಹುಕಾರನ ಮನೆ ಬಾಗಿಲಿಗೇ ಹೋಗಬೇಕು ಅನ್ನೋದು ಹಳ್ಳಿ ಕಡೆಯವರಿಗೆ ಗೊತ್ತು.

ಇನ್ನು ತೆರಿಗೆಗಳ ಕಥೆ ಕೇಳಿ, ಇದು ಮಗಳಿಗೆ ಖಂಡಿತ ಇಷ್ಟ ಆಗುತ್ತೆ. ಆಗ ರಾಜ್ಯದಲ್ಲಿ ಎಂತೆಂಥ ಚಿಲ್ಲರೆ ತೆರಿಗೆ ಇದ್ವು ಅಂದ್ರೆ, ಮದುವೆಗೊಂದು, ಮಗು ಹುಟ್ಟಿದ್ರೆ ಒಂದು, ನಾಮಕರಣಕ್ಕೊಂದು, ಚೌಲಕ್ಕೆ ಅಂದ್ರೆ ತಲೆ ಬೋಳಿಸೋಕೂ ಒಂದು. ಒಂದು ಹಳ್ಳಿಯವರು ತಮ್ಮ ಮುತ್ತಾತಂದಿರು ಪಾಳೆಗಾರನ ಕಳೆದುಹೋದ ಕುದುರೆ ಹುಡುಕಿಕೊಡಲಿಲ್ಲ ಅಂತ ತೆರಿಗೆ ಕಟ್ತಾ ಬಂದಿದ್ರು. ನಗರದ ಕಡೆ ಒಂದು ಜಾಗ ಇತ್ತಂತೆ, ಅಲ್ಲಿ ಕೈನ ಮೈಗೆ ಒತ್ತಿ ಹಿಡ್ಕೊಳ್ಳದೆ ನಡೆದು ಹೋದವರು ದುಡ್ಡು ಕೊಡಬೇಕು! ಹಿಂಗೆ ಒಟ್ಟು 769 ಬಾಬ್ತು ಕಿತ್ತುಹಾಕಿದ್ರು ಅಂತ ಮೈಸೂರು ಗೆಜೆಟಿಯರಿನ ಲೆಕ್ಕ. ಊರೂರಿಗೂ ಸುಂಕದ ಕಟ್ಟೆ ಇರೋ ಕಾಲ ಅದು, ಒಂದು ಮೂಟೆ ಅಡಿಕೆ ಮಲೆನಾಡಿಂದ ಇಳಿಯೋಷ್ಟರಲ್ಲಿ ಎಷ್ಟು ಕಟ್ಟೇಲಿ ನಿಲ್ಲಬೇಕು ಅಂತ ಮೂಟೆ ಸಾಗಿಸಿ ಅಭ್ಯಾಸ ಇದ್ದ ಅಧಿಕಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಸ್ತೆನೂ ಹಂಗೇ. 1856ರ ಹೊತ್ತಿಗೆ 1,597 ಮೈಲಿ ರಸ್ತೆ, 309 ಸೇತುವೆ ಆಗಿತ್ತು, ಅದೂ ಲೋಕೋಪಯೋಗಿ ಇಲಾಖೆ ಅನ್ನೋದೇ ಇಲ್ಲದ ಕಾಲದಲ್ಲಿ, ಪಿಡಬ್ಲ್ಯೂಡಿ ಶುರುವಾಗಿದ್ದೇ 1856ರಲ್ಲಿ. ಆಗುಂಬೆ, ಮಂಜರಾಬಾದ್ ಘಾಟಿಗಳಲ್ಲಿ ಗಾಡಿ ಇಳಿಯೋ ಹಾಗಾಯ್ತು, ಮಂಗಳೂರು ಕಡೆ ಬಂದರಿಗೆ ಕಾಫಿ ಹೋಗೋ ದಾರಿ ತೆರೀತು. ಬೆಂಗಳೂರಿನ ಮೊದಲ ರೈಲು, ಜೋಲಾರಪೇಟೆಯದು, ಕೆಲಸ ಶುರುವಾಗಿದ್ದು 1859ರಲ್ಲಿ ಇವರ ಕಾಲದಲ್ಲೇ, ಓಡಿದ್ದು 1864ರಲ್ಲಿ, ನೋಡೋಕೆ ಇವರಿರಲಿಲ್ಲ. ಶುರುವಲ್ಲಿ ಸುಮಾರು 44 ಲಕ್ಷ ಇದ್ದ ರಾಜ್ಯದ ಆದಾಯ 1850ರ ದಶಕದಲ್ಲಿ 80 ಲಕ್ಷ ದಾಟಿತ್ತು.

ಅಷ್ಟಕ್ಕೇ ಇವರನ್ನ ದೇವರು ಮಾಡೋದು ಬೇಡ. ಆ ಹೆಚ್ಚಿದ ಆದಾಯದಲ್ಲೂ ಮೊದಲ ತುತ್ತು ಕಂಪನಿಗೆ ಹೋಗೋ ಕಪ್ಪವೇ. ರಾಜ್ಯದ ನಿಜವಾದ ಒಡೆಯರು ಮೈಸೂರಲ್ಲಿ ವರ್ಷಕ್ಕೆ 1 ಲಕ್ಷ ವರಹ ಮತ್ತೆ ನಿವ್ವಳ ಆದಾಯದ ಐದನೇ ಒಂದು ಪಾಲು ತಗೊಂಡು ಸುಮ್ನೆ ಕೂತಿದ್ರು, ಅರ್ಜಿ ಮೇಲೆ ಅರ್ಜಿ ಬರೀತಾ. ಶಾಲೆಗಳ ವಿಷಯದಲ್ಲಿ ಸರ್ಕಾರ ತುಂಬಾ ತಡ ಮಾಡ್ತು, ಬೆಂಗಳೂರಿನ ಸರ್ಕಾರಿ ಹೈಸ್ಕೂಲು ಬಂದಿದ್ದು 1858ರಲ್ಲಿ, ಅದೇ ಮುಂದೆ ಸೆಂಟ್ರಲ್ ಕಾಲೇಜಾಯ್ತು. ಎಲ್ಲಾ ಫೈಲೂ ಒಬ್ಬರ ಟೇಬಲ್ ಮೇಲೇ ಬರಬೇಕು ಅನ್ನೋ ಮನೆ ಯಜಮಾನನ ರೀತಿಯ ಆಡಳಿತ, ಕೊನೆಗೆ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ನ್ಯಾಯಾಂಗಕ್ಕೆ ಬೇರೆ ಕಮಿಷನರನ್ನ ಹಾಕಬೇಕಾಯ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಕಬ್ಬನ್ ಒಳ್ಳೇ ಉಗ್ರಾಣಿಕ, ಉಗ್ರಾಣ ಯಾರದು ಅನ್ನೋ ಪ್ರಶ್ನೆ ಮಾತ್ರ ಅವರು ಕೇಳ್ಕೊಳ್ಳಲಿಲ್ಲ.

ಕೊನೇಲಿ ಒಂದು ಸಲ ಮಾತ್ರ ಕೇಳ್ಕೊಂಡ್ರೇನೋ. 1860ರಲ್ಲಿ ಮೈಸೂರಿನ ಉಸ್ತುವಾರೀನ ಕಲ್ಕತ್ತೆಯ ಗವರ್ನರ್ ಜನರಲ್ ಕೈಯಿಂದ ತೆಗೆದು ಮದ್ರಾಸ್ ಸರ್ಕಾರದ ಕೈಗೆ ಕೊಡಿ ಅಂತ ಲಂಡನ್ನಿಂದ ಹುಕುಂ ಬಂತು. ಹಾಗಾಗಿದ್ರೆ ಮೈಸೂರು ನಿಧಾನವಾಗಿ ಮದ್ರಾಸಿನ ಇನ್ನೊಂದು ಜಿಲ್ಲೆ ಆಗಿಬಿಡೋ ಅಪಾಯ ಇತ್ತು. ಮಹಾರಾಜರು ವಿರೋಧಿಸಿದ್ರು, ಜೊತೆಗೆ ಕಬ್ಬನ್ನೂ ರಾಜೀನಾಮೆ ಬರೆದುಕೊಟ್ರು. ಗವರ್ನರ್ ಜನರಲ್ ಕ್ಯಾನಿಂಗ್ ಆ ಬದಲಾವಣೆ ನಿಲ್ಲಿಸಿದ್ರು. ಜೀವನ ಪೂರ್ತಿ ಮದ್ರಾಸ್ ಸೈನ್ಯದ ಅನ್ನ ತಿಂದ ಮನುಷ್ಯ ಮದ್ರಾಸಿಗೆ ಬೇಡ ಅಂದಿದ್ದು ನನಗೆ ಯಾವಾಗಲೂ ಕುತೂಹಲ.

ಖಾಸಗಿ ಜೀವನ ಅಂತ ಹೇಳೋಕೆ ಸ್ವಲ್ಪವೇ ಇದೆ. ಹೆಂಡತಿ ಮಕ್ಕಳಿಲ್ಲ, ಅರಬ್ಬಿ ಕುದುರೆ ಅಂದ್ರೆ ಪ್ರಾಣ. ದಂಡು ಪ್ರದೇಶದ ಪಕ್ಕ ಎತ್ತರದ ಜಾಗದಲ್ಲಿ 1840ರ ಸುಮಾರಿಗೆ ಒಂದು ಬಂಗಲೆ ಕಟ್ಟಿಸ್ಕೊಂಡ್ರು, ಅದು ಇವತ್ತಿನ ರಾಜಭವನ, ಅವರು ಹೋದ ಮೇಲೆ ಸರ್ಕಾರ ಅದನ್ನ ಕೊಂಡುಕೊಳ್ತು. ಬೇಸಿಗೇಲಿ ನಂದಿಬೆಟ್ಟ, ಅಲ್ಲೂ ಒಂದು ಮನೆ. ಸೈನ್ಯದ ದರ್ಜೆ ಮಾತ್ರ ಸೀನಿಯಾರಿಟಿ ಮೇಲೆ ತಾನಾಗೇ ಏರ್ತಾ ಹೋಯ್ತು, ಯಾವ ಪಲ್ಟನ್ನೂ ನಡೆಸದೆ ಲೆಫ್ಟಿನೆಂಟ್ ಜನರಲ್ ಆಗಿಬಿಟ್ರು. 1857ರಲ್ಲಿ ಉತ್ತರದಲ್ಲಿ ಬೆಂಕಿ ಹತ್ತಿದಾಗ ಮೈಸೂರು ಶಾಂತವಾಗಿತ್ತು, ಅದರಲ್ಲಿ ಮಹಾರಾಜರ ಸಹಕಾರದ ಪಾಲೂ ದೊಡ್ಡದು, ಅದನ್ನ ಬ್ರಿಟಿಷರೂ ಒಪ್ಪಿದ್ದಾರೆ.

1861ರ ಶುರುವಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ರು, ಊರಿಗೆ ಹೊರಟ್ರು. ಬಂದಾಗ ಹಡಗು ಇಡೀ ಆಫ್ರಿಕಾ ಸುತ್ತಿ ಬರಬೇಕಿತ್ತು. ಹೋಗೋವಾಗ ಕಾಲ ಬದಲಾಗಿತ್ತು, ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ, ಆದರೆ ಕೆಂಪು ಸಮುದ್ರದಲ್ಲಿ ಸೂಯೆಜ್ ತನಕ ಉಗಿ ಹಡಗು, ಅಲ್ಲಿಂದ ಕೈರೋಗೆ ರೈಲು, ಆಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಮತ್ತೆ ಹಡಗು. ಕಬ್ಬನ್ ಸೂಯೆಜ್ ದಾಟಲಿಲ್ಲ, ಏಪ್ರಿಲ್‌ನಲ್ಲಿ ಅಲ್ಲೇ ತೀರಿಹೋದ್ರು. ದೇಹಾನ ಊರಿಗೇ ತಗೊಂಡು ಹೋಗಿ ಮಾಗೋಲ್ಡ್ ಚರ್ಚಿನ ಅಂಗಳದಲ್ಲಿ, ಅಪ್ಪ ಪಾದ್ರಿಯಾಗಿದ್ದ ಜಾಗದಲ್ಲೇ, ಇಟ್ರು. ಬೆಂಗಳೂರಲ್ಲಿ 1866ರಲ್ಲಿ ಕುದುರೆ ಮೇಲೆ ಕೂತ ಪ್ರತಿಮೆ ನಿಂತಿತು, ಮಾಡಿದ್ದು ಮಾರೊಕೆಟ್ಟಿ ಅನ್ನೋ ಶಿಲ್ಪಿ. ಬಹಳ ವರ್ಷ ಹೈಕೋರ್ಟ್ ಮುಂದೆ ಇತ್ತು, 2020ರಲ್ಲಿ ಅಲ್ಲಿಂದ ಎತ್ತಿ ಪಾರ್ಕ್ ಒಳಗೆ ಇಟ್ಟಿದ್ದಾರೆ.

ಮಗಳಿಗೆ ಹೇಳಿ, ಹೆಡ್ಡಿಂಗಲ್ಲಿ ‘ಲೆಫ್ಟಿನೆಂಟ್ ಜನರಲ್ ಸರ್ ಮಾರ್ಕ್ ಕಬ್ಬನ್, ಮೈಸೂರು ಕಮಿಷನರ್, 1834–1861’ ಅಂತ ಹಾಕಲಿ. ಫೋಟೋಗೆ ಪ್ರತಿಮೆ ಎಲ್ಲರೂ ಹಾಕ್ತಾರೆ, ನೀವು ಒಂದು ಭಾನುವಾರ ಕೋಟೆ ಹತ್ರ ಟಿಪ್ಪು ಅರಮನೆಗೆ ಕರ್ಕೊಂಡು ಹೋಗಿ ಅದರ ಮಹಡಿ ಫೋಟೋ ತೆಗೆಸಿ. ಟೀಚರ್ ಯಾಕೆ ಅಂತ ಕೇಳ್ತಾರೆ, ಆಗ ಅವಳು 769 ತೆರಿಗೆ ಕಥೆ ಹೇಳಲಿ.